ಕುದುರೆ ಪಕ್ಕ ಸುಮ್ನೆ ನಿಲ್ಲುವುದು: ಮೈಸೂರಿನವರಿಗೆ ಒಂದು ಸಮಗ್ರ ಮಾರ್ಗದರ್ಶಿ

ಬೆಳಿಗ್ಗೆ ಹೊತ್ತು ಮೃಗಾಲಯದ ಕಡೆ ಹೋದರೆ ಟಾಂಗಾ ಗಾಡಿಗಳು ಮರದ ಕೆಳಗೆ ನಿಂತಿರುತ್ತವೆ. ನಾವು ದಿನಾ ಅವುಗಳ ಪಕ್ಕದಲ್ಲೇ ಸ್ಕೂಟರ್ ಓಡಿಸಿಕೊಂಡು ಹೋಗುತ್ತೇವೆ. ಒಂದು ದಿನ ನಿಂತು ನೋಡಿ. ಕುದುರೆ ಒಂದು ಹಿಂಗಾಲನ್ನು ಸಡಿಲ ಬಿಟ್ಟು, ಗೊರಸಿನ ತುದಿಯನ್ನು ಮಾತ್ರ ನೆಲಕ್ಕೆ ತಾಗಿಸಿರುತ್ತದೆ. ಕೆಳತುಟಿ ಜೋತು ಬಿದ್ದಿರುತ್ತದೆ. ಕಣ್ಣು ಅರ್ಧ ಮುಚ್ಚಿರುತ್ತದೆ. ಒಂದು ಕಿವಿ ಮಾತ್ರ ಆಗಾಗ ರಸ್ತೆ ಕಡೆ ತಿರುಗಿ ಮತ್ತೆ ವಾಪಸ್ ಬರುತ್ತದೆ. ಇಷ್ಟು ಗದ್ದಲದ ನಡುವೆ ಅದು ವಿಶ್ರಾಂತಿ ತೆಗೆದುಕೊಳ್ಳುತ್ತಿದೆ.

ನಾನು ಇದನ್ನು ಮೊದಲು ಗಮನಿಸಿದ್ದು ಅಪ್ಪನಿಗೆ ಪಾರ್ಶ್ವವಾಯು ಆದ ವರ್ಷ. ಮನೆ ಇಟ್ಟಿಗೆಗೂಡಿನಲ್ಲಿ. ಫಿಸಿಯೋಥೆರಪಿಯವರು ಬೆಳಿಗ್ಗೆ ಬಂದಾಗ ಸಿಗುವ ಮುಕ್ಕಾಲು ಗಂಟೆ ಮಾತ್ರ ನನ್ನದು. ಆ ಹೊತ್ತಿನಲ್ಲಿ ವಾಕಿಂಗ್ ಹೋದರೂ ತಲೆ ಮನೆಯಲ್ಲೇ ಇರುತ್ತಿತ್ತು. ಒಂದು ದಿನ ಟಾಂಗಾ ಕುದುರೆಯ ಎದುರು ನಿಂತುಬಿಟ್ಟೆ. ಮುಟ್ಟಲೋ ಬೇಡವೋ ಅಂತ ಕೈ ಮುಂದೆ, ಹಿಂದೆ ಮಾಡುತ್ತಿದ್ದೆ. ಗಾಡಿಯವರು ಹೇಳಿದರು: "ಅಕ್ಕಾ, ಸುಮ್ನೆ ನಿಂತ್ಕೊಳ್ಳಿ. ಏನೂ ಮಾಡ್ಬೇಡಿ. ಅದೇ ಬರುತ್ತೆ."

ಈ ಬರಹದಲ್ಲಿ ಇರುವುದೆಲ್ಲ ಆ ಮಾತಿನ ವಿವರಣೆ. ಇದು ಸವಾರಿ ಕಲಿಯುವ ಪಾಠ ಅಲ್ಲ. ಕುದುರೆಯ ಪಕ್ಕ ಹೇಗೆ ನಿಲ್ಲಬೇಕು, ನಿಂತಾಗ ಏನನ್ನು ಗಮನಿಸಬೇಕು, ಅಷ್ಟೇ.

ಯಾಕೆ ಕುದುರೆ?

ಕುದುರೆ ಹುಲ್ಲು ಮೇಯುವ ಪ್ರಾಣಿ. ಲಕ್ಷಾಂತರ ವರ್ಷ ಬೇಟೆಯಾಡುವ ಪ್ರಾಣಿಗಳಿಂದ ತಪ್ಪಿಸಿಕೊಂಡೇ ಬದುಕಿದೆ. ಕಣ್ಣುಗಳು ತಲೆಯ ಎರಡು ಪಕ್ಕದಲ್ಲಿ ಇರುವುದರಿಂದ ಸುಮಾರು 350 ಡಿಗ್ರಿಯಷ್ಟು ಸುತ್ತಲೂ ಕಾಣುತ್ತದೆ. ಮಂದೆಯಲ್ಲಿ ಒಂದು ಕುದುರೆ ಮೈ ಬಿಗಿ ಮಾಡಿದರೆ ಉಳಿದವೂ ತಲೆ ಎತ್ತುತ್ತವೆ. ಪಕ್ಕದವರ ಮೈ ಹೇಗಿದೆ ಅಂತ ನೋಡುವುದು ಅದಕ್ಕೆ ಜೀವ ಉಳಿಸಿಕೊಳ್ಳುವ ದಾರಿ. ನಾವು ಹತ್ತಿರ ಹೋದಾಗ ನಮ್ಮನ್ನೂ ಹಾಗೇ ನೋಡುತ್ತದೆ.

ಕುದುರೆ ಮನಸ್ಸು ಓದುತ್ತದೆ ಅನ್ನುವವರಿದ್ದಾರೆ. ನಾನು ಅಷ್ಟು ದೂರ ಹೋಗುವುದಿಲ್ಲ. ಆದರೆ ಮೈ ಓದುತ್ತದೆ, ಮುಖವನ್ನೂ ನೋಡುತ್ತದೆ. ಇಂಗ್ಲೆಂಡಿನ ಸಸೆಕ್ಸ್ ವಿಶ್ವವಿದ್ಯಾಲಯದವರು 2016ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಕುದುರೆಗಳಿಗೆ ಮನುಷ್ಯರ ನಗುಮುಖದ ಮತ್ತು ಸಿಟ್ಟಿನ ಮುಖದ ಫೋಟೊಗಳನ್ನು ತೋರಿಸಿದರು. ಸಿಟ್ಟಿನ ಮುಖವನ್ನು ಅವು ಹೆಚ್ಚಾಗಿ ಎಡಗಣ್ಣಿನಿಂದ ನೋಡಿದವು. ಅಪಾಯ ಅನ್ನಿಸಿದ್ದನ್ನು ಪ್ರಾಣಿಗಳು ಹೆಚ್ಚಾಗಿ ಆ ಕಣ್ಣಿನಿಂದಲೇ ನೋಡುತ್ತವೆ. ಎದೆಬಡಿತವೂ ಬೇಗ ಏರಿತು.

ಇನ್ನೊಂದು ವಿಷಯ ಸ್ಪಷ್ಟ ಇರಲಿ. ಕುದುರೆಯನ್ನು ಚಿಕಿತ್ಸೆಗೆ ಬಳಸುವ ಪದ್ಧತಿ ಬೇರೆಯೇ ಇದೆ. ಪೋಲಿಯೊದಿಂದ ಕಾಲಿನ ಬಲ ಕಳೆದುಕೊಂಡಿದ್ದ ಡೆನ್ಮಾರ್ಕಿನ ಲಿಸ್ ಹಾರ್ಟೆಲ್ 1952ರ ಹೆಲ್ಸಿಂಕಿ ಒಲಿಂಪಿಕ್ಸ್‌ನ ಕುದುರೆ ಸವಾರಿಯಲ್ಲಿ ಬೆಳ್ಳಿ ಗೆದ್ದ ಮೇಲೆ ಅದಕ್ಕೆ ದೊಡ್ಡ ಉತ್ತೇಜನ ಸಿಕ್ಕಿತು. ಅದು ತರಬೇತಿ ಪಡೆದ ಚಿಕಿತ್ಸಕರ ಕೆಲಸ. ನಾನು ಹೇಳುತ್ತಿರುವುದು ನಾನು ನೀವು ಮಾಡಬಹುದಾದ ಸಣ್ಣ ಅಭ್ಯಾಸ.

ಹಂತ 1: ಮೊದಲ ವಾರ ಕುದುರೆ ಬೇಡ, ಕೆರೆ ಸಾಕು

ಎಲ್ಲರೂ ಈ ಹಂತವನ್ನು ಬಿಟ್ಟುಬಿಡಲು ನೋಡುತ್ತಾರೆ. ದಯವಿಟ್ಟು ಬಿಡಬೇಡಿ. ಗಡಿಬಿಡಿಯ ಮೈ ಹೊತ್ತುಕೊಂಡು ಕುದುರೆ ಹತ್ತಿರ ಹೋದರೆ ಅದಕ್ಕೂ ತೊಂದರೆ, ನಿಮಗೂ ಪ್ರಯೋಜನ ಇಲ್ಲ.

ಕುಕ್ಕರಹಳ್ಳಿ ಕೆರೆ, ಕಾರಂಜಿ ಕೆರೆ, ಲಿಂಗಾಂಬುಧಿ ಕೆರೆ, ಯಾವುದು ಹತ್ತಿರವೋ ಅದು. ಸುತ್ತು ಹಾಕಬೇಡಿ. ಒಂದು ಜಾಗ ಆರಿಸಿಕೊಂಡು ಇಪ್ಪತ್ತು ನಿಮಿಷ ಕೂತುಕೊಳ್ಳಿ. ಫೋನ್ ಸೈಲೆಂಟ್ ಮಾಡಿ ಚೀಲದಲ್ಲಿಡಿ. ಒಂದೇ ಹಕ್ಕಿಯನ್ನು ನೋಡಿ. ನನಗೆ ನೀರುಕಾಗೆ ಇಷ್ಟ. ಮುಳುಗಿ ಎದ್ದು ಬಂದು ಕೊಂಬೆಯ ಮೇಲೆ ಎರಡೂ ರೆಕ್ಕೆ ಹರಡಿ ಒಣಗಿಸುತ್ತಾ ಕೂರುತ್ತದೆ. ಅದಕ್ಕೆ ಎಷ್ಟು ಹೊತ್ತು ಬೇಕೋ ಅಷ್ಟು ಹೊತ್ತು ನೀವೂ ಕೂರಿ. ಹೆಜ್ಜಾರ್ಲೆ ಸಿಕ್ಕರೆ ಅದೂ ಆಗುತ್ತದೆ.

ಉಸಿರಿನ ಲೆಕ್ಕ ಸುಲಭ. ಒಳಗೆ ತೆಗೆದುಕೊಳ್ಳುವಾಗ ಮನಸ್ಸಿನಲ್ಲಿ ನಾಲ್ಕರ ತನಕ ಎಣಿಸಿ, ಬಿಡುವಾಗ ಆರರ ತನಕ. ಬಿಡುವ ಉಸಿರು ಉದ್ದ ಆದರೆ ಎದೆಬಡಿತ ನಿಧಾನವಾಗಿ ಇಳಿಯುತ್ತದೆ. ಐದಾರು ದಿನ ಇಷ್ಟೇ ಮಾಡಿ. ಹೆಗಲು ಕಿವಿ ಹತ್ತಿರ ಎತ್ತಿಕೊಂಡೇ ಓಡಾಡುತ್ತೀರಿ ಅನ್ನುವುದು ಬಹುಶಃ ಇಲ್ಲೇ ಗೊತ್ತಾಗುತ್ತದೆ. ನನಗೆ ಗೊತ್ತಾಗಿದ್ದು ಮೂರನೆಯ ದಿನ.

ಹಂತ 2: ಕುದುರೆ ಎಲ್ಲಿ ಸಿಗುತ್ತದೆ?

ಮೈಸೂರಿಗೆ ಕುದುರೆ ಹೊಸದಲ್ಲ. ಮೊದಲ ಮಹಾಯುದ್ಧದಲ್ಲಿ, 1918ರ ಸೆಪ್ಟೆಂಬರ್ 23ರಂದು, ಈಗ ಇಸ್ರೇಲಿನಲ್ಲಿರುವ ಹೈಫಾ ಪಟ್ಟಣವನ್ನು ಗೆದ್ದ ಕುದುರೆ ಪಡೆಗಳಲ್ಲಿ ನಮ್ಮ ಮೈಸೂರು ಲ್ಯಾನ್ಸರ್ಸ್ ಕೂಡ ಇತ್ತು. ದಸರಾ ಮೆರವಣಿಗೆಯಲ್ಲಿ ಅಶ್ವಾರೋಹಿ ಪೊಲೀಸರನ್ನು ಎಲ್ಲರೂ ನೋಡಿದ್ದೇವೆ. ಆದರೆ ಪೊಲೀಸ್ ಕುದುರೆಗಳು ಕರ್ತವ್ಯದಲ್ಲಿರುತ್ತವೆ. ಚಾಮುಂಡಿ ಬೆಟ್ಟದ ತಪ್ಪಲಿನ ರೇಸ್ ಕೋರ್ಸಿನ ಕುದುರೆಗಳು ಪಂದ್ಯಕ್ಕೆ ತಯಾರಾಗುತ್ತಿರುತ್ತವೆ. ಇವನ್ನು ದೂರದಿಂದ ನೋಡಿ, ಸಾಕು.

ನಮಗೆ ಉಳಿಯುವುದು ಎರಡು ದಾರಿ. ಒಂದು, ಊರ ಸುತ್ತಮುತ್ತ ಇರುವ ಸವಾರಿ ಕಲಿಸುವ ಜಾಗಗಳು. ಎರಡು, ಟಾಂಗಾ. ಟಾಂಗಾದವರ ಹತ್ತಿರ ಹೀಗೆ ಕೇಳಿ: "ಅಣ್ಣಾ, ಸವಾರಿ ಬೇಡ. ಒಂದು ಸುತ್ತಿನ ಬಾಡಿಗೆ ಕೊಡ್ತೀನಿ. ಅರ್ಧ ಗಂಟೆ ಕುದುರೆ ಹತ್ತಿರ ನಿಂತ್ಕೊಳ್ಳಬಹುದಾ?" ಬಾಡಿಗೆ ಕೊಡುವುದು ಮುಖ್ಯ. ಅದು ಅವರ ದುಡಿಮೆಯ ಹೊತ್ತು. ಗಾಡಿ ಬಿಚ್ಚಿದ ಮೇಲೆ, ಕುದುರೆ ನೀರು ಕುಡಿದು ಹುಲ್ಲು ತಿನ್ನುವ ಸಮಯಕ್ಕೆ ಬರಲು ಹೇಳಿದರೆ ಇನ್ನೂ ಒಳ್ಳೆಯದು.

ಯಾವ ಕುದುರೆಯ ಹತ್ತಿರ ನಿಲ್ಲಬಾರದು ಅನ್ನುವುದನ್ನೂ ಕಲಿಯಬೇಕು. ಪಕ್ಕೆಲುಬು ದೂರದಿಂದಲೇ ಎಣಿಸುವಂತಿದ್ದರೆ, ಬಾರು ಉಜ್ಜಿದ ಜಾಗದಲ್ಲಿ ಹಸಿ ಗಾಯ ಇದ್ದರೆ, ಕುಂಟುತ್ತಿದ್ದರೆ, ಕಣ್ಣಲ್ಲಿ ಮೂಗಲ್ಲಿ ಸೋರುತ್ತಿದ್ದರೆ ಅದಕ್ಕೆ ಬೇಕಿರುವುದು ಪಶುವೈದ್ಯರು, ನಾವಲ್ಲ. ಒಂದು ಕಡೆ ಹೋಗಿದ್ದೆ. ಹೆಸರು ಬೇಡ. ಬಿಸಿಲಲ್ಲಿ ಕಟ್ಟಿದ್ದರು, ಬಕೆಟ್ ಒಣಗಿತ್ತು. ಕುದುರೆ ಸುಮ್ಮನೆ ಇರುವಾಗಲೇ ದಿನಕ್ಕೆ 25 ಲೀಟರಿಗಿಂತ ಜಾಸ್ತಿ ನೀರು ಕುಡಿಯುತ್ತದೆ. ನೀರು ಕೊಡಿ ಅಂತ ಹೇಳಿ, ಕೊಟ್ಟಿದ್ದನ್ನು ನೋಡಿ ವಾಪಸ್ ಬಂದೆ. ಅಂಥ ಜಾಗದಲ್ಲಿ ನಿಂತು ನೆಮ್ಮದಿ ಹುಡುಕುವುದು ನನಗೆ ಸಾಧ್ಯ ಆಗಲಿಲ್ಲ.

ಹಂತ 3: ಹೊರಡುವ ಮುನ್ನ

ಮುಂದೆ ಮುಚ್ಚಿದ ಗಟ್ಟಿ ಶೂ ಹಾಕಿ. ಚಪ್ಪಲಿ ಬೇಡವೇ ಬೇಡ. 300–400 ಕಿಲೊ ತೂಕದ ಪ್ರಾಣಿ, ಲಾಳ ಹೊಡೆದ ಗೊರಸು. ದುಪ್ಪಟ್ಟಾ, ಸೆರಗು ಹಾರದ ಹಾಗೆ ಕಟ್ಟಿಕೊಳ್ಳಿ. ಕುದುರೆಗೆ ಕೆಂಪು ಹಸಿರಿನ ವ್ಯತ್ಯಾಸ ಸರಿಯಾಗಿ ಕಾಣುವುದಿಲ್ಲ, ಹಾಗಾಗಿ ಬಟ್ಟೆಯ ಬಣ್ಣದ ಚಿಂತೆ ಬೇಡ. ಪಟಪಟ ಅನ್ನುವ ಬಟ್ಟೆಗೆ ಬೆದರುತ್ತದೆ. ಗಾಢ ಸೆಂಟು ಬೇಡ. ತಲೆಯಲ್ಲಿ ಮಲ್ಲಿಗೆ ಮುಡಿದಿದ್ದರೆ ತೆಗೆದಿಟ್ಟು ಹೋಗಿ. ತುಟಿ ಚಾಚಿ ಪರೀಕ್ಷೆ ಮಾಡಬಹುದು.

ಧನುರ್ವಾಯುವಿನ ಚುಚ್ಚುಮದ್ದು ತೆಗೆದುಕೊಂಡು ಹತ್ತು ವರ್ಷ ಆಗಿದ್ದರೆ ಮೊದಲು ಡಾಕ್ಟರ ಹತ್ತಿರ ಹೋಗಿ. ಕುದುರೆ ಲದ್ದಿಯಲ್ಲಿ ಆ ರೋಗಾಣು ಇರುತ್ತದೆ. ದಸರಾ ಜನಜಂಗುಳಿಯ ದಿನಗಳು, ದೀಪಾವಳಿಯ ಪಟಾಕಿ ದಿನಗಳು ಬೇಡ.

ಹಂತ 4: ಹತ್ತು ಅಡಿ ದೂರದಿಂದ ಓದಿ

ಹೋದ ತಕ್ಷಣ ಮುಟ್ಟಬೇಡಿ. ಹತ್ತು ಅಡಿ ದೂರದಲ್ಲಿ ನಿಂತು ಐದು ನಿಮಿಷ ನೋಡಿ.

ಮೊದಲು ಕಿವಿ. ಎರಡೂ ಮುಂದಕ್ಕೆ ನಿಮಿರಿದ್ದರೆ ಎದುರಿಗೆ ಏನನ್ನೋ ಗಮನಿಸುತ್ತಿದೆ. ಪಕ್ಕಕ್ಕೆ ಸಡಿಲವಾಗಿ ಬಿದ್ದಿದ್ದರೆ ನೆಮ್ಮದಿಯಾಗಿದೆ. ಒಂದು ಕಿವಿ ನಿಮ್ಮ ಕಡೆ ತಿರುಗಿದರೆ ನಿಮ್ಮನ್ನು ಕೇಳಿಸಿಕೊಳ್ಳುತ್ತಿದೆ. ಎರಡೂ ಹಿಂದಕ್ಕೆ ಕತ್ತಿಗೆ ಅಂಟಿದ್ದರೆ "ಹತ್ತಿರ ಬರಬೇಡ" ಅಂತ ಅರ್ಥ. ಆ ಮಾತನ್ನು ಮೀರಬೇಡಿ.

ಆಮೇಲೆ ಮೂಗು ಮತ್ತು ಬಾಯಿ. ಹೊಳ್ಳೆ ಅಗಲ ಆಗಿ ಬಿಗಿದಿದ್ದರೆ, ಗದ್ದ ಗಟ್ಟಿಯಾಗಿದ್ದರೆ ಆತಂಕ. ತುಟಿ ಜೋತಿದ್ದರೆ ಆರಾಮ. ಕುದುರೆ ಬಾಯಿಯಿಂದ ಉಸಿರಾಡುವುದಿಲ್ಲ, ಮೂಗಿನಿಂದ ಮಾತ್ರ. ಅದಕ್ಕೇ ಹೊಳ್ಳೆ ನೋಡಿದರೆ ಉಸಿರಿನ ಕಥೆ ಪೂರ್ತಿ ಗೊತ್ತಾಗುತ್ತದೆ.

ಬಾಲ ಸುಮ್ಮನೆ ನೊಣ ಓಡಿಸುತ್ತಿದೆಯೋ, ಚಾಟಿಯ ಹಾಗೆ ಬೀಸುತ್ತಿದೆಯೋ ನೋಡಿ. ಎರಡನೆಯದು ಸಿಟ್ಟು. ಹಿಂಗಾಲು ಎತ್ತಿಕೊಂಡಿದ್ದರೆ ಗೊಂದಲ ಆಗಬಹುದು. ಗೊರಸಿನ ತುದಿ ನೆಲಕ್ಕೆ ತಾಗಿ, ಮುಖ ಸಡಿಲ ಇದ್ದರೆ ಅದು ವಿಶ್ರಾಂತಿ. ಕಿವಿ ಹಿಂದೆ ಹೋಗಿ ಕಾಲು ಎತ್ತಿದ್ದರೆ ಒದೆಯುವ ಸೂಚನೆ. ಒಂದು ಅಂಗ ನೋಡಿ ತೀರ್ಮಾನ ಮಾಡಬೇಡಿ, ಇಡೀ ಮೈ ನೋಡಿ.

ಈ ಐದು ನಿಮಿಷದಲ್ಲಿ ನಿಮ್ಮ ತಲೆಯಲ್ಲಿ ಓಡುತ್ತಿದ್ದ ಬೆಳಗಿನ ಪಟ್ಟಿ ನಿಂತಿರುತ್ತದೆ. ಕಿವಿ ನೋಡುತ್ತಾ ಗ್ಯಾಸ್ ಬುಕ್ಕಿಂಗ್ ಯೋಚನೆ ಮಾಡುವುದು ಕಷ್ಟ.

ಹಂತ 5: ಹತ್ತಿರ ಹೋಗುವುದು

ಕುದುರೆಗೆ ಕಾಣದ ಜಾಗ ಎರಡು ಇವೆ. ಹಣೆಯ ನೇರ ಮುಂದೆ ಮೂಗಿನ ಕೆಳಗಿನ ಸ್ವಲ್ಪ ಜಾಗ, ಮತ್ತು ಬಾಲದ ನೇರ ಹಿಂದೆ. ಟಾಂಗಾ ಕುದುರೆಗೆ ಕಣ್ಣುಪಟ್ಟಿ ಕಟ್ಟಿದ್ದರೆ ಪಕ್ಕದಲ್ಲೂ ಹಿಂದೆಯೂ ಏನೂ ಕಾಣುವುದಿಲ್ಲ. ಇದು ಗೊತ್ತಿಲ್ಲದೆ ನಾನು ಎರಡನೆಯ ದಿನ ಹಿಂದಿನಿಂದ ಬಂದು ತೊಡೆಯ ಮೇಲೆ ಕೈ ಇಟ್ಟೆ. ಕುದುರೆ ಬೆಚ್ಚಿ ಒದೆಯಿತು. ಗೊರಸು ಗಾಡಿಯ ಮರಕ್ಕೆ ಬಡಿಯಿತು. ನನಗೆ ಏನೂ ಆಗಲಿಲ್ಲ, ಆದರೆ ಕುದುರೆಯ ಮೈ ತುಂಬ ಹೊತ್ತು ನಡುಗುತ್ತಿತ್ತು. ತಪ್ಪು ನನ್ನದು. ಅದು ಇವತ್ತಿಗೂ ನೆನಪಿದೆ.

ಹಾಗಾಗಿ ಮೊದಲು ಮಾತಾಡಿ. ಮೆಲ್ಲಗೆ, ಒಂದೇ ದನಿಯಲ್ಲಿ. ಏನು ಮಾತಾಡಿದರೂ ಪರವಾಗಿಲ್ಲ. ಹೆಗಲಿನ ಕಡೆಗೆ ಓರೆಯಾಗಿ ನಡೆಯಿರಿ. ಸಾಮಾನ್ಯವಾಗಿ ಎಡಗಡೆಯಿಂದ ಹೋಗುವುದು ರೂಢಿ. ಕಣ್ಣಿಗೆ ಕಣ್ಣು ಇಟ್ಟು ನೇರವಾಗಿ ನುಗ್ಗಬೇಡಿ. ಎರಡು ಹೆಜ್ಜೆ ಇಡಿ, ನಿಲ್ಲಿ. ಕುದುರೆ ತಲೆ ಎತ್ತಿ ಬಿಗಿಯಾದರೆ ಒಂದು ಹೆಜ್ಜೆ ಹಿಂದೆ ಹೋಗಿ. ಹಿಂದೆ ಹೋಗುವುದು ಸೋಲಲ್ಲ. ಇವರು ನನ್ನ ಮಾತು ಕೇಳುತ್ತಾರೆ ಅಂತ ಅದಕ್ಕೆ ಗೊತ್ತಾಗುವುದೇ ಆಗ.

ಒಂದು ತೋಳಿನಷ್ಟು ದೂರ ಉಳಿದಾಗ ಕೈ ಇಳಿಬಿಟ್ಟು ನಿಲ್ಲಿ. ಕೈಯ ಹಿಂಭಾಗ ಮಾತ್ರ ಸ್ವಲ್ಪ ಮುಂದೆ. ಇನ್ನು ಕಾಯುವುದು.

ಮೂಗು ಬರುತ್ತದೆ. ಮೊದಲು ಬಿಸಿ ಗಾಳಿ, ಆಮೇಲೆ ತುಟಿಯ ಸುತ್ತ ಇರುವ ಉದ್ದ ಕೂದಲು ಚರ್ಮಕ್ಕೆ ತಾಗುತ್ತದೆ. ಮೂಗಿನ ಕೆಳಗೆ ಏನಿದೆ ಅಂತ ಕಣ್ಣಿಗೆ ಕಾಣದ ಕಾರಣ ಆ ಕೂದಲಿನಿಂದಲೇ ತಿಳಿದುಕೊಳ್ಳುತ್ತದೆ. ತುಟಿ ವೆಲ್ವೆಟ್ಟಿನಷ್ಟು ಮೆತ್ತಗೆ. ಉಸಿರಿನಲ್ಲಿ ಹುರುಳಿ ಮತ್ತು ಹಸಿ ಹುಲ್ಲಿನ ವಾಸನೆ. ಮೊದಲ ಸಲ ಇದು ಆದಾಗ ನಾನು ಉಸಿರು ಹಿಡಿದಿದ್ದೆ. ಗಾಡಿಯವರು ಪಕ್ಕದಿಂದ ಹೇಳಿದರು, "ಉಸ್ರು ಬಿಡಿ ಅಕ್ಕಾ." ಬಿಟ್ಟೆ. ಕುದುರೆಯೂ ಫುರ್ ಅಂತ ಉದ್ದಕ್ಕೆ ಬಿಟ್ಟಿತು.

ಹಂತ 6: ನಿಲ್ಲುವುದು

ಇದೇ ಮುಖ್ಯ ಭಾಗ. ಹೆಗಲಿನ ಪಕ್ಕ, ಕುದುರೆ ನೋಡುತ್ತಿರುವ ದಿಕ್ಕಿಗೇ ಮುಖ ಮಾಡಿ ನಿಲ್ಲಿ. ಮಂಡಿ ಸ್ವಲ್ಪ ಸಡಿಲ. ಕಾಲು ಅದರ ಗೊರಸಿನಿಂದ ದೂರ. ಮಾಲೀಕರು ಹತ್ತಿರವೇ ಇರಲಿ.

ಈಗ ಅದರ ಪಕ್ಕೆ ನೋಡಿ. ಹಿಂಗಾಲಿನ ಮುಂದಿನ ಹೊಟ್ಟೆಯ ಭಾಗ ಏರಿ ಇಳಿಯುತ್ತದೆ. ಒಂದು ಏರಿಳಿತಕ್ಕೆ ಒಂದು ಉಸಿರು. ಒಂದು ನಿಮಿಷ ಎಣಿಸಿ. ಆರಾಮಾಗಿರುವ ದೊಡ್ಡ ಕುದುರೆ ನಿಮಿಷಕ್ಕೆ 8ರಿಂದ 16 ಸಲ ಉಸಿರಾಡುತ್ತದೆ. ನಾವು ಸಾಮಾನ್ಯವಾಗಿ 12ರಿಂದ 20 ಸಲ. ಅದರ ಎದೆ ನಿಮಿಷಕ್ಕೆ 28ರಿಂದ 44 ಸಲ ಬಡಿಯುತ್ತದೆ, ನಮ್ಮದಕ್ಕಿಂತ ಎಷ್ಟೋ ನಿಧಾನ. ಎಣಿಸಿದ ಮೇಲೆ ಲೆಕ್ಕ ಬಿಡಿ. ಪಕ್ಕೆ ಇಳಿಯುವಾಗ ನೀವೂ ಉಸಿರು ಬಿಡಿ. ಹೊಂದಾಣಿಕೆ ಆಗದಿದ್ದರೆ ಒತ್ತಾಯ ಮಾಡಬೇಡಿ. ತಲೆ ಸುತ್ತಿದರೆ ನಿಮ್ಮ ಉಸಿರಿಗೇ ವಾಪಸ್ ಬನ್ನಿ.

ಮನಸ್ಸು ಓಡುತ್ತದೆ. ಓಡಲಿ. ಕಿವಿಯೊಂದು ತಿರುಗಿದಾಗ ಅದು ಯಾವ ಸದ್ದಿಗೆ ತಿರುಗಿತು ಅಂತ ಹುಡುಕಿ. ಆಟೋ ಹಾರ್ನ್ ಇರಬಹುದು, ಗಿಳಿ ಇರಬಹುದು, ಮೃಗಾಲಯದೊಳಗಿನ ಯಾವುದೋ ಕೂಗು ಇರಬಹುದು. ಹಾಗೆ ಹುಡುಕುತ್ತಾ ನೀವು ಈ ಹೊತ್ತಿಗೆ ವಾಪಸ್ ಬಂದಿರುತ್ತೀರಿ. ಅಳು ಬಂದರೆ ಅಳಿ. ನನಗೆ ಬಂದಿತ್ತು. ಗಾಡಿಯವರು ಬೇರೆ ಕಡೆ ನೋಡುತ್ತಾ ಹುಲ್ಲು ಬಿಡಿಸುತ್ತಿದ್ದರು. ಕುದುರೆ ಇದ್ದ ಹಾಗೇ ಇತ್ತು.

ಮೊದಲ ದಿನ ಹತ್ತು ನಿಮಿಷ ಸಾಕು. ಆಮೇಲೆ ಇಪ್ಪತ್ತು. ಅದಕ್ಕಿಂತ ಜಾಸ್ತಿ ಬೇಡ, ಕುದುರೆಗೂ ಅದರ ಪಾಡಿಗೆ ಇರಬೇಕು ಅನ್ನಿಸುತ್ತದೆ ಅಲ್ವಾ. ಅದು ಮುಖ ತಿರುಗಿಸಿ ದೂರ ಸರಿದರೆ ಅವತ್ತಿನ ಸಮಯ ಮುಗಿಯಿತು.

ಹಂತ 7: ಮುಟ್ಟುವುದು, ಬ್ರಷ್ ಮಾಡುವುದು

ಕೇಳಿಕೊಂಡೇ ಮುಟ್ಟಿ. ಹಣೆ ಮೂಗು ಸವರಲು ಎಲ್ಲರಿಗೂ ಆಸೆ, ಆದರೆ ಎಷ್ಟೋ ಕುದುರೆಗಳಿಗೆ ಅದು ಹಿಡಿಸುವುದಿಲ್ಲ. ಜೂಲು ಮುಗಿದು ಬೆನ್ನು ಶುರುವಾಗುವ ಕಡೆ ಒಂದು ಉಬ್ಬು ಇದೆ. ಅಲ್ಲಿಂದ ಶುರು ಮಾಡಿ. ಕುದುರೆಗಳು ಒಂದಕ್ಕೊಂದು ಹಲ್ಲಿನಿಂದ ಕೆರೆದುಕೊಳ್ಳುವ ಜಾಗ ಅದು. ಫ್ರಾನ್ಸಿನ ಕಮಾರ್ಗ್ ಕುದುರೆಗಳ ಮೇಲೆ ನಡೆದು 1993ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಆ ಜಾಗದಲ್ಲಿ ಕೆರೆದಾಗ ಎದೆಬಡಿತ ಇಳಿದಿದ್ದು ಕಂಡುಬಂತು. ತಟ್ಟಬೇಡಿ. ಬೆರಳ ತುದಿಯಿಂದ ಗಟ್ಟಿಯಾಗಿ, ನಿಧಾನವಾಗಿ ಕೆರೆಯಿರಿ. ಇಷ್ಟ ಆದರೆ ಕತ್ತು ಚಾಚಿ ಮೇಲ್ತುಟಿ ಮುಂದೆ ತಂದು ಅದುರಿಸುತ್ತದೆ.

ಬ್ರಷ್ ಕೊಟ್ಟರೆ ಕೂದಲು ಮಲಗಿರುವ ದಿಕ್ಕಿಗೇ ಉದ್ದಕ್ಕೆ ಎಳೆಯಿರಿ. ಕತ್ತು, ಹೆಗಲು, ಬೆನ್ನು. ಹೊಟ್ಟೆಯ ಕೆಳಗೆ, ತೊಡೆಯ ಒಳಗೆ ಹೊಸಬರು ಕೈ ಹಾಕಬಾರದು. ಇನ್ನೊಂದು ಪಕ್ಕಕ್ಕೆ ಹೋಗುವಾಗ ಸಾಕಷ್ಟು ದೂರದಿಂದ ಸುತ್ತು ಹಾಕಿಕೊಂಡು, ಮಾತಾಡುತ್ತಾ ಹೋಗಿ.

ಜೊತೆಗೆ ನಡೆಯುವ ಅವಕಾಶ ಸಿಕ್ಕರೆ ಹಗ್ಗವನ್ನು ಕೈಗೆ ಸುತ್ತಿಕೊಳ್ಳಬೇಡಿ. ಬೆದರಿ ಓಡಿದರೆ ಬೆರಳು ಹೋಗುತ್ತದೆ. ಮಡಿಸಿ ಹಿಡಿದುಕೊಂಡು ಹೆಗಲ ಪಕ್ಕದಲ್ಲಿ ನಡೆಯಿರಿ.

ತಿನ್ನಿಸುವ ಆಸೆ

ಕೇಳದೆ ಏನೂ ಕೊಡಬೇಡಿ. ಕುದುರೆಗೆ ವಾಂತಿ ಮಾಡಲು ಆಗುವುದಿಲ್ಲ. ಹೊಟ್ಟೆಯಲ್ಲಿ ತೊಂದರೆ ಆದರೆ ಜೀವಕ್ಕೇ ಅಪಾಯ. ದೇವಸ್ಥಾನದ ಪ್ರಸಾದ, ಬ್ರೆಡ್ಡು, ಬಿಸ್ಕತ್ತು ಬೇಡ. ಮಾಲೀಕರು ಒಪ್ಪಿದರೆ ಕ್ಯಾರೆಟ್ ಕೊಡಬಹುದು. ದುಂಡಗೆ ಹೆಚ್ಚಿದರೆ ಗಂಟಲಲ್ಲಿ ಸಿಕ್ಕಿಕೊಳ್ಳಬಹುದು, ಉದ್ದಕ್ಕೆ ಸೀಳಿ. ಅಂಗೈ ತಟ್ಟೆಯ ಹಾಗೆ ಚಪ್ಪಟೆ ಇರಲಿ, ಹೆಬ್ಬೆರಳು ಒಳಗೆ ಸೇರಿರಲಿ. ಮೊದಲ ತಿಂಗಳು ಕೊಡದಿದ್ದರೆ ಒಳ್ಳೆಯದು ಅನ್ನುವುದು ನನ್ನ ಅಭಿಪ್ರಾಯ. ಇಲ್ಲದಿದ್ದರೆ ಅದು ನಿಮ್ಮ ಜೇಬನ್ನು ಗಮನಿಸಲು ಶುರು ಮಾಡುತ್ತದೆ.

ವಾಪಸ್ ಬಂದ ಮೇಲೆ

ಸೋಪು ಹಾಕಿ ಕೈ ತೊಳೆಯಿರಿ. ತಕ್ಷಣ ಫೋನ್ ತೆಗೆಯಬೇಡಿ. ಹತ್ತು ನಿಮಿಷ ನಡೆದು ಬನ್ನಿ, ಇಲ್ಲವೇ ಎಲ್ಲಾದರೂ ಕೂತು ಮೂರು ಸಾಲು ಬರೆಯಿರಿ: ಕುದುರೆ ಹೇಗಿತ್ತು, ನನ್ನ ಮೈ ಹೋಗುವಾಗ ಹೇಗಿತ್ತು, ಬರುವಾಗ ಹೇಗಿದೆ. ನನ್ನ ಪುಸ್ತಕದಲ್ಲಿ "ಏನೂ ವ್ಯತ್ಯಾಸ ಇಲ್ಲ" ಅಂತ ಬರೆದ ದಿನಗಳೂ ಸಾಕಷ್ಟಿವೆ. ಅವನ್ನೂ ಬರೆಯಿರಿ. ನನ್ನ ಅಂಗಿಯ ವಾಸನೆ ಹಿಡಿದು ಅಪ್ಪ ನಿಧಾನವಾಗಿ ಒಂದೊಂದೇ ಪದ ಜೋಡಿಸಿ "ಇವತ್ತು... ಹುರುಳಿ... ತಿಂತಾ?" ಅಂತ ಕೇಳುವುದು ರೂಢಿ ಆಯಿತು. ಉತ್ತರ ಹೇಳಬೇಕಲ್ಲ, ಹಾಗಾಗಿ ನಾನು ಅದನ್ನೂ ಗಮನಿಸಿ ಬರುತ್ತಿದ್ದೆ.

ಯಾರು ಜಾಗ್ರತೆ ವಹಿಸಬೇಕು?

ಆಸ್ತಮಾ ಅಥವಾ ಪ್ರಾಣಿಗಳ ಕೂದಲಿನ ಅಲರ್ಜಿ ಇರುವವರು, ಗರ್ಭಿಣಿಯರು, ಬೇಗ ಮೂಳೆ ಮುರಿಯುವ ತೊಂದರೆ ಇರುವವರು ಡಾಕ್ಟರನ್ನು ಕೇಳದೆ ಹತ್ತಿರ ಹೋಗಬೇಡಿ. ದೂರದಿಂದ ನೋಡುವುದಕ್ಕೆ ಅಡ್ಡಿ ಇಲ್ಲ. ಮಕ್ಕಳನ್ನು ಒಬ್ಬರೇ ಬಿಡಬೇಡಿ. ಮನಸ್ಸಿನ ಕಾಯಿಲೆಗೆ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಇದನ್ನು ನಂಬಿ ನಿಲ್ಲಿಸಬೇಡಿ. ವಾರಗಟ್ಟಲೆ ನಿದ್ದೆ ಇಲ್ಲದಿದ್ದರೆ, ಬದುಕೇ ಬೇಡ ಅನ್ನಿಸುತ್ತಿದ್ದರೆ ಕುದುರೆಗಾಗಿ ಕಾಯಬೇಡಿ. ಸರ್ಕಾರದ ಟೆಲಿ ಮನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ. ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ.

ಕುದುರೆ ಸಿಗದ ದಿನ

ಮಂಡ್ಯದ ಕಡೆಯವರಿಗೆ ಕುದುರೆ ಹುಡುಕುವ ಅಗತ್ಯವೇ ಇಲ್ಲದಿರಬಹುದು. ಮನೆಯ ಹಳ್ಳಿಕಾರ್ ಎತ್ತು ಮೆಲುಕು ಹಾಕುವಾಗ ಪಕ್ಕದಲ್ಲಿ ನಿಲ್ಲಿ. ಎತ್ತಿನ ಕಿವಿ, ಪಕ್ಕೆ, ಉಸಿರು ಹೀಗೇ ಓದಲು ಬರುತ್ತದೆ. ಮೈಸೂರಿನಲ್ಲಿ ಚಾಮುಂಡಿ ಬೆಟ್ಟದ ಮೆಟ್ಟಿಲು ಇದೆ. ಬಸವನ ತನಕ ಹತ್ತಿ, ಪ್ರತಿ ನೂರು ಮೆಟ್ಟಿಲಿಗೆ ಒಮ್ಮೆ ನಿಂತು ಉಸಿರು ಇಳಿಯುವ ತನಕ ಕಾಯಿರಿ. ಮಳೆಗಾಲದಲ್ಲಿ ಟಾಂಗಾದವರು ಬರದ ದಿನ ನಾನು ಕಾರಂಜಿ ಕೆರೆಗೆ ಹೋಗುತ್ತೇನೆ.

ಶುರು ಮಾಡುವವರಿಗೆ ವಾರಕ್ಕೆ ಎರಡು ದಿನ ಸಾಕು. ಅದೇ ಕುದುರೆ, ಅದೇ ಹೊತ್ತು ಇರಲಿ. ಬರಲು ಆಗದಿದ್ದರೆ ಹಿಂದಿನ ದಿನವೇ ಗಾಡಿಯವರಿಗೆ ಹೇಳಿ, ಅವರು ಆ ಹೊತ್ತಿಗೆ ಬೇರೆ ಬಾಡಿಗೆ ಹಿಡಿಯಬಹುದು.